ಗೆಜ್ಜೆ ಕಟ್ಟಿದ ಕಾಲು

ನರ್ತಕಿಯು ತಾಳಕ್ಕೆ ಸರಿಯಾಗಿ ಪಾದವನ್ನು ತಟ್ಟಿದಾಗ ಏಳುವ ಗೆಜ್ಜೆಯ ದನಿಯನ್ನು ನಾವೆಲ್ಲರೂ ಕೇಳಿ ಸಂತೋಷಪಡುತ್ತೇವೆ. ಅದೇ ಪೆಟ್ಟು ಪಾದದೊಳಗಿನ ಎಲುಬುಗಳಿಗೂ ತಗಲುತ್ತದೆಂಬುದು ಮಾತ್ರ ನಮ್ಮ ನೆನಪಿಗೆ ಬರುವುದಿಲ್ಲ. ನಾವು ನೆಲವನ್ನು ಎಷ್ಟು ಬಲದಿಂದ ಒತ್ತುತ್ತೇವೆಯೋ ಅಷ್ಟೇ ಬಲದಿಂದ ನೆಲವೂ ನಮ್ಮನ್ನು ಒತ್ತುತ್ತದೆಂಬ ನ್ಯೂಟನ್ನನ ನಿಯಮವನ್ನು ಶಾಲೆಯಲ್ಲಿ ಕಲಿತಿದ್ದೇವೆ. ನೃತ್ಯವನ್ನು ಅಭ್ಯಾಸ ಮಾಡುವವರ ಕಾಲುಗಳು ಈ ಪಾಠವನ್ನು ದಿನವೂ ನೂರಾರು ಸಲ ಓದುತ್ತವೆ.

ಒಂದು ಪಾದದಲ್ಲಿ ೨೬ ಎಲುಬುಗಳಿವೆ. ಎಲುಬೆಂದರೆ ಕಲ್ಲಿನಂತೆ ಜಡವಸ್ತುವೆಂದು ಭಾವಿಸುವುದು ತಪ್ಪು. ಹಳೆಯ ಭಾಗವನ್ನು ಕರಗಿಸುವ ಜೀವಕಣಗಳೂ ಹೊಸದನ್ನು ಕಟ್ಟುವ ಜೀವಕಣಗಳೂ ಅದರಲ್ಲಿ ಎಡೆಬಿಡದೆ ದುಡಿಯುತ್ತಿರುತ್ತವೆ. ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಎಲುಬು ತನ್ನ ರಚನೆಯನ್ನು ಮಾರ್ಪಡಿಸಿಕೊಳ್ಳುತ್ತದೆಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವುಲ್ಫನು ೧೮೯೨ರಲ್ಲಿ ವಿವರಿಸಿದನು. ಆದುದರಿಂದ ಹಿತಮಿತವಾದ ಅಭ್ಯಾಸವು ಎಲುಬನ್ನು ಬಲಪಡಿಸುತ್ತದೆ. ಆದರೆ ಕರಗಿಸುವ ಕೆಲಸ ಬೇಗ, ಕಟ್ಟುವ ಕೆಲಸ ನಿಧಾನ. ರಂಗಪ್ರವೇಶ ಹತ್ತಿರವಾಯಿತೆಂದು ಅಭ್ಯಾಸವನ್ನು ಒಮ್ಮೆಗೇ ಇಮ್ಮಡಿ ಮಾಡಿದರೆ, ಕಟ್ಟಡ ಮುಗಿಯುವ ಮೊದಲೇ ಭಾರ ಹೇರಿದಂತಾಗಿ ಎಲುಬಿನಲ್ಲಿ ಸೂಕ್ಷ್ಮವಾದ ಬಿರುಕುಗಳು ಮೂಡುತ್ತವೆ.

ಈ ವ್ಯಾಧಿ ಮೊದಲು ಗಮನಕ್ಕೆ ಬಂದುದು ನರ್ತಕರಲ್ಲಲ್ಲ, ಸೈನಿಕರಲ್ಲಿ. ದೀರ್ಘ ನಡಿಗೆಯ ಬಳಿಕ ಸಿಪಾಯಿಗಳ ಪಾದ ಊದಿ ನೋಯುವುದನ್ನು ಪ್ರಷ್ಯದ ಸೈನ್ಯದ ವೈದ್ಯನಾದ ಬ್ರೈಟ್‌ಹೌಪ್ಟನು ೧೮೫೫ರಲ್ಲಿ ವರ್ಣಿಸಿದನು. ಕಾರಣ ಅವನಿಗೆ ತಿಳಿಯಲಿಲ್ಲ. ೧೮೯೫ರಲ್ಲಿ ಕ್ಷ-ಕಿರಣಗಳು ಪತ್ತೆಯಾದ ಮೇಲೆಯೇ ಅದು ಎಲುಬಿನ ಬಿರುಕೆಂದು ಗೊತ್ತಾಯಿತು. ಮೊದಲ ಕೆಲವು ವಾರಗಳಲ್ಲಿ ಈ ಬಿರುಕು ಕ್ಷ-ಕಿರಣ ಚಿತ್ರದಲ್ಲಿಯೂ ಕಾಣದೆ ಹೋಗಬಹುದು, ಎಂ.ಆರ್.ಐ. ಪರೀಕ್ಷೆಯಲ್ಲಿ ಅದು ಬೇಗ ಗೋಚರಿಸುತ್ತದೆ.

ಹಾಗಾದರೆ ಸಾಮಾನ್ಯ ನೋವಿಗೂ ಇದಕ್ಕೂ ಭೇದವೇನು? ಹೊಸ ಅಡವನ್ನು ಕಲಿತ ಮರುದಿನ ತೊಡೆ, ಮೀನಖಂಡಗಳೆಲ್ಲ ನೊಂದು ಮೂರು ನಾಲ್ಕು ದಿನಗಳಲ್ಲಿ ಶಮನವಾದರೆ ಅದು ಸ್ನಾಯುಗಳ ಆಯಾಸ. ಒಂದೇ ಬಿಂದುವಿನಲ್ಲಿ ನೋವಿದ್ದು, ಬೆರಳಿನಿಂದ ಒತ್ತಿದರೆ ಚುಚ್ಚಿದಂತಾಗಿ, ಕುಣಿದಷ್ಟೂ ಹೆಚ್ಚುತ್ತ ಹೋದರೆ ಅಭ್ಯಾಸವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಅದನ್ನು ಗುರುಗಳಿಂದ ಮರೆಮಾಚಿ ಕುಣಿದರೆ ಕೂದಲೆಳೆಯ ಬಿರುಕು ಪೂರ್ಣ ಮುರಿತವಾಗಬಹುದು. ಕೆಲವು ವಾರಗಳ ವಿಶ್ರಾಂತಿಗೆ ಬದಲು ಅನೇಕ ತಿಂಗಳುಗಳೇ ನಷ್ಟವಾಗಬಹುದು.

ಇನ್ನು ಭರತನಾಟ್ಯದ ಅರೆಮಂಡಿಯನ್ನು ನೋಡೋಣ. ಹೆಸರಿನಲ್ಲಿ ಮಂಡಿಯಿದ್ದರೂ ಈ ಭಂಗಿಯ ಬೇರು ಇರುವುದು ಸೊಂಟದ ಕೀಲಿನಲ್ಲಿ. ತೊಡೆಯೆಲುಬಿನ ಗುಂಡಾದ ತಲೆಯು ಸೊಂಟದ ಗುಳಿಯೊಳಗೆ ಹೊರಮುಖವಾಗಿ ತಿರುಗಿದಾಗ ಮಂಡಿಯೂ ಪಾದವೂ ಒಟ್ಟಿಗೆ ಹೊರಳುತ್ತವೆ. ಈ ತಿರುವಿನ ಮಿತಿ ಎಲುಬಿನ ಆಕಾರವನ್ನು ಅವಲಂಬಿಸಿರುವುದರಿಂದ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಪಾದವನ್ನು ಮಾತ್ರ ಬಲವಂತದಿಂದ ಹೊರಳಿಸಿದರೆ, ಬಾಗಿಲಿನ ತಿರುಗಣಿಯಂತೆ ಮುಖ್ಯವಾಗಿ ಮಡಿಸುವುದಕ್ಕೆಂದೇ ಇರುವ ಮಂಡಿಯು ತಿರುಚಿಕೊಳ್ಳುತ್ತದೆ. ಮಂಡಿಯು ಪಾದದ ಬೆರಳುಗಳ ನೇರಕ್ಕೇ ಇರಬೇಕೆಂಬುದು ಅಂದಕ್ಕಾಗಿ ಮಾತ್ರವಲ್ಲ, ರಕ್ಷಣೆಗಾಗಿಯೂ ಹೌದು.

ನೆಲವನ್ನೂ ಊಟವನ್ನೂ ಮರೆಯಲಾಗದು. ಸಿಮೆಂಟಿನ ನೆಲವು ಪೆಟ್ಟನ್ನು ಹೀರದೆ ಹಿಂದಿರುಗಿಸುತ್ತದೆ. ಕೆಳಗೆ ಅಡ್ಡಪಟ್ಟಿಗಳಿದ್ದು ತುಸು ಬಾಗುವ ಹಲಗೆಯ ನೆಲವು ಅದರ ಒಂದಂಶವನ್ನು ತಾನೇ ತಾಳಿಕೊಳ್ಳುತ್ತದೆ. ತೆಳ್ಳಗೆ ಕಾಣಬೇಕೆಂಬ ಆಸೆಯಿಂದ ಅರೆಹೊಟ್ಟೆ ಉಂಡರೆ ಎಲುಬು ಕಟ್ಟುವ ಸಾಮಗ್ರಿಯೇ ಇಲ್ಲದಂತಾಗುತ್ತದೆ. ಅಮೆರಿಕದಲ್ಲಿ ೭೫ ಮಂದಿ ಬ್ಯಾಲೆ ನರ್ತಕಿಯರನ್ನು ಪರೀಕ್ಷಿಸಿ ೧೯೮೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೈನೆರೆಯುವುದು ತಡವಾದವರಲ್ಲಿ ಎಲುಬಿನ ಮುರಿತ ಹೆಚ್ಚಾಗಿ ಕಂಡುಬಂದಿತು. ಮುಟ್ಟು ನಿಂತುಹೋಗುವುದು ಸಾಧನೆಯ ಗುರುತಲ್ಲ, ಅಪಾಯದ ಸೂಚನೆ.

ಕಲೆಗೂ ವಿಜ್ಞಾನಕ್ಕೂ ದೂರವೆಂದು ಹೇಳುವವರು ಯು. ಎಸ್. ಕೃಷ್ಣರಾಯರನ್ನು ನೆನೆಯಬೇಕು. ರಸಾಯನಶಾಸ್ತ್ರವನ್ನು ಬೋಧಿಸಿದ ಅವರು ಪತ್ನಿ ಚಂದ್ರಭಾಗಾದೇವಿಯವರೊಡನೆ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಭರತನಾಟ್ಯವನ್ನು ಕಲಿತು, ಬೆಂಗಳೂರಿನಲ್ಲಿ ಅನೇಕ ಶಿಷ್ಯರನ್ನು ತಯಾರುಮಾಡಿದರು. ಇಂದು ಈ ಎರಡೂ ಕ್ಷೇತ್ರಗಳನ್ನು ಜೋಡಿಸುವ ವೃತ್ತಿಗಳೇ ಹುಟ್ಟಿಕೊಂಡಿವೆ. ನೃತ್ಯ ವೈದ್ಯಕ್ಕೂ ವಿಜ್ಞಾನಕ್ಕೂ ಮೀಸಲಾದ ಅಂತರರಾಷ್ಟ್ರೀಯ ಸಂಘವೊಂದು ೧೯೯೦ರಲ್ಲಿ ಸ್ಥಾಪಿತವಾಯಿತು. ನರ್ತಕರ ಗಾಯಗಳನ್ನು ಅರಿತ ವೈದ್ಯ, ಅಂಗವ್ಯಾಯಾಮ ಚಿಕಿತ್ಸಕ, ಆಹಾರತಜ್ಞ, ಚಲನೆಯನ್ನು ಅಳೆಯುವ ಸಂಶೋಧಕ, ಇವರೆಲ್ಲರೂ ನೃತ್ಯಕ್ಕೆ ಬೇಕಾದವರೇ. ರಂಗದ ಮೇಲೆ ನಿಲ್ಲಲಾರದ ನೃತ್ಯಪ್ರೇಮಿಗೂ ಇಲ್ಲಿ ಕೆಲಸವುಂಟು.

ಎಲ್ಲರಿಗಿಂತ ಮೊದಲು ನೃತ್ಯಗುರುವೇ ದೇಹವನ್ನು ಅರಿತಿರಬೇಕು. ವೀಣೆಯ ತಂತಿ ಕಡಿದರೆ ಬೇರೊಂದನ್ನು ಕಟ್ಟಬಹುದು. ನರ್ತಕನಿಗೆ ದೇಹವೇ ವಾದ್ಯ. ಅವನು ಬಾಳೆಲ್ಲ ಅದನ್ನೇ ನುಡಿಸಬೇಕು.