ಮನಸ್ಸಿನ ಕಾಯಿಲೆ: ರೇಡಿಯೋ ಹೇಳಿದ್ದನ್ನು ಮಸೀದಿಯೂ ಹೇಳಲಿ

(ಜುಮಾ ಖುತ್ಬಾದ ಸಾರಾಂಶ)



ಅಲ್ಲಾಹನು ಮದ್ದನ್ನು ಇಳಿಸದೆ ಯಾವ ಕಾಯಿಲೆಯನ್ನೂ ಇಳಿಸಿಲ್ಲ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಜ್ವರಕ್ಕೆ, ಸಕ್ಕರೆ ಕಾಯಿಲೆಗೆ ಈ ಮಾತನ್ನು ಒಪ್ಪುತ್ತೇವೆ. ಮನಸ್ಸಿಗೆ ಕಾಯಿಲೆ ಬಂದರೆ ಮಾತ್ರ ಗಾಳಿ ಎನ್ನುತ್ತೇವೆ, ಮಾಟ ಎನ್ನುತ್ತೇವೆ, ಈಮಾನ್ ಕಡಿಮೆ ಎನ್ನುತ್ತೇವೆ. ಮಗನ ಅಗಲಿಕೆಯಲ್ಲಿ ಅತ್ತು ಅತ್ತು ಕಣ್ಣಿನ ಬೆಳಕನ್ನೇ ಕಳೆದುಕೊಂಡ ಯಾಕೂಬ್(ಅ)ರ ಈಮಾನ್ ಕಡಿಮೆಯಿತ್ತೇ?

ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಜಮಾಅತಿನ ಯುವಕನೊಬ್ಬ ಬಂದ. ಬಾಣಂತಿ ಹೆಂಡತಿಗೆ ನಿದ್ದೆಯಿಲ್ಲ, ಮಗುವನ್ನು ಎತ್ತಿಕೊಳ್ಳುವುದಿಲ್ಲ, ಸುಮ್ಮನೆ ಅಳುತ್ತಾಳೆ ಎಂದ. ದುಆ ಓದಿ ನೀರು ಊದಿ ಕೊಟ್ಟೆವು. ದುಆ ತಪ್ಪಲ್ಲ, ಅಷ್ಟಕ್ಕೇ ಕಳಿಸಿದ್ದು ತಪ್ಪು. ಆಮೇಲೊಂದು ದಿನ ಅವನ ತಾಯಿ ರೊಟ್ಟಿ ಬಡಿಯುತ್ತಿದ್ದಾಗ ರೇಡಿಯೋದಲ್ಲಿ ವೈದ್ಯರೊಬ್ಬರು ಹೆರಿಗೆಯ ನಂತರದ ಖಿನ್ನತೆಯ ಬಗ್ಗೆ ಹೇಳುತ್ತಿದ್ದರು. “ನಮ್ಮ ಹುಡುಗೀಗೂ ಇದ ಆಗೇತಲ್ಲೋ!” ಎಂದು ಮಗನನ್ನು ಕರೆದರು. ಚಿಕಿತ್ಸೆ ಆಯಿತು. ಇಂದು ಆ ಮಗು ನಮ್ಮ ಮದ್ರಸಾದಲ್ಲಿ ಕಲಿಯುತ್ತಿದೆ.

ನಾವು ಹೇಳದೆ ಬಿಟ್ಟದ್ದನ್ನು ರೇಡಿಯೋ ಹೇಳಿತು. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಹಿರಿಯರಿಗೆ ಅದು ಮನೆಯವರ ದನಿಯಂತೆ. 1990ರ ಪ್ರಸಾರ ಭಾರತಿ ಕಾಯ್ದೆಯು ಆಕಾಶವಾಣಿ, ದೂರದರ್ಶನಗಳ ಮೇಲೆ ಶಿಕ್ಷಣ, ಕೃಷಿಯ ಜೊತೆಗೆ ಆರೋಗ್ಯದ ಹೊಣೆಯನ್ನೂ ಹೊರಿಸಿದೆ. ಆದ್ದರಿಂದ ಜಾಹೀರಾತು ತಾರದ ಇಂಥ ವಿಷಯಕ್ಕೂ ಅಲ್ಲಿ ಹೊತ್ತು ಸಿಗುತ್ತದೆ. ನಿಮ್ಹಾನ್ಸ್‌ನಲ್ಲಿ ಸೇವೆ ಸಲ್ಲಿಸಿದ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಮನೋರೋಗಗಳನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ವಿವರಿಸಿದ್ದಾರೆ. ಓದು ಬಾರದವರೂ ಕೇಳಬಹುದು, ಹೊಲದಲ್ಲಿರುವ ರೈತನೂ ಕೇಳಬಹುದು, ಮನೆಯಿಂದ ಹೊರಬರದ ಹೆಣ್ಣುಮಕ್ಕಳೂ ಕೇಳಬಹುದು. ಯಾರನ್ನೂ ಬೆರಳು ಮಾಡಿ ತೋರಿಸದೆ ಇಡೀ ಮನೆಗೆ ತಿಳಿವಳಿಕೆ ಬರುತ್ತದೆ.

ಆದರೆ ರೇಡಿಯೋ ಕಾಯಿಲೆಯ ಹೆಸರು ಹೇಳೀತು, ರೋಗಿಯ ಕೈಹಿಡಿದು ಕರೆದೊಯ್ಯಲಾರದು. ಅದು ನಮ್ಮ ಕೆಲಸ. ಧಾರವಾಡದ ಡಿಮ್ಹಾನ್ಸ್ 1845ರಷ್ಟು ಹಳೆಯ ಸಂಸ್ಥೆ. ‘ಹುಚ್ಚಾಸ್ಪತ್ರೆ’ ಎಂಬ ಹಳೆಯ ಹೆಸರಿಗೆ ಅಂಜಿ ಹಿಂದೆ ಸರಿಯಬೇಡಿ. ಅಷ್ಟು ದೂರ ಹೋಗಲಾಗದವರು ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ‘ಮನೋಚೈತನ್ಯ’ ಕ್ಲಿನಿಕ್ ಬಗ್ಗೆ ವಿಚಾರಿಸಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಇನ್ನೊಂದು ಮಾತು. ಸಾಲಕ್ಕೋ ಸಂಕಟಕ್ಕೋ ಜೀವ ತೆಗೆದುಕೊಳ್ಳಲು ಹೋಗಿ ಉಳಿದವರನ್ನು ಪೊಲೀಸರ ಭಯಕ್ಕೆ ಮನೆಯಲ್ಲಿ ಬಚ್ಚಿಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಕಾಣುತ್ತದೆ, ಅವರಿಗೆ ಆರೈಕೆ ಕೊಡಬೇಕೆನ್ನುತ್ತದೆ. ಬಚ್ಚಿಡಬೇಡಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಮುಂದೆ ಊದಿದ ನೀರು ಕೇಳಿ ಬಂದವರಿಗೆ ದುಆದ ಜೊತೆ 14416 ಎಂದು ಚೀಟಿಯಲ್ಲಿ ಬರೆದೂ ಕೊಡುತ್ತೇವೆ. ಒಂಟೆಯನ್ನು ಕಟ್ಟಿ, ಆಮೇಲೆ ಅಲ್ಲಾಹನ ಮೇಲೆ ಭಾರ ಹಾಕುವುದೇ ತವಕ್ಕುಲ್. ನೊಂದ ಮನಸ್ಸುಗಳಿಗೆ ಅಲ್ಲಾಹನು ಶಿಫಾ ನೀಡಲಿ. ಆಮೀನ್.