ಬರ ಹುಟ್ಟಿಸಿದ ಊರು

ಬೆಂಗಳೂರಿನಿಂದ ಹೆಸರಘಟ್ಟದ ಕಡೆ ಹೊರಟರೆ ಸಿಲುವೆಪುರ ಸಿಗುತ್ತದೆ. ಸಿಲುವೆ ಎಂದರೆ ಶಿಲುಬೆ. ಸಿರಿಯಾಕ್ ಭಾಷೆಯ ಪದವೊಂದು ತಮಿಳರ ಬಾಯಲ್ಲಿ ಸಿಲುವೈ ಆಗಿ, ನಮ್ಮಲ್ಲಿ ಒಂದು ಊರಿನ ಹೆಸರಾಗಿ ನಿಂತಿದೆ. ಕಲಾವಿದ ಜ್ಯೋತಿ ಸಾಹಿ ಅವರ ಆಶ್ರಮದಿಂದಾಗಿ ಕಲಾಸಕ್ತರು ಈ ಊರನ್ನು ಬಲ್ಲರು. ಇದು ಹುಟ್ಟಿದ್ದು ಮಾತ್ರ ಬರದಲ್ಲಿ ತಬ್ಬಲಿಗಳಾದ ಮಕ್ಕಳಿಗಾಗಿ.

ಹಿರಿಯರು ಆ ಬರವನ್ನು ಸಂವತ್ಸರದ ಹೆಸರಿನಿಂದಲೇ ನೆನಪಿಟ್ಟರು: ಧಾತು ಈಶ್ವರದ ಬರ. ಧಾತು ಎಂದರೆ 1876–77, ಈಶ್ವರ ಎಂದರೆ 1877–78. 1875ರಲ್ಲೇ ಕೈಕೊಟ್ಟಿದ್ದ ಮಳೆ ಮರುವರ್ಷವೂ ಬರಲಿಲ್ಲ. ರಾಗಿ ಹೊಲದಲ್ಲೇ ಒಣಗಿತು, ಕೆರೆಗಳು ಬತ್ತಿದವು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಬೆಳೆಯಬೇಕಿದ್ದ ನಾಡು ಹತ್ತು ವರ್ಷದಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು.

ಮೈಸೂರಿನ ಕ್ಯಾಥೊಲಿಕ್ ಮಿಷನ್ ಆಗ ಪ್ಯಾರಿಸ್ ಮಿಷನ್ನಿನ ಪಾದ್ರಿಗಳ ಕೈಯಲ್ಲಿತ್ತು. ಬೆಂಗಳೂರಿನಲ್ಲಿ ಷೆವಾಲಿಯೆ ಬಿಷಪ್ಪರಾಗಿದ್ದರು. ಬ್ರಿಟಿಷ್ ಆಡಳಿತ ಗಂಜಿ ಹಾಕಿಸಿತು, ಕೂಲಿ ಕೆಲಸ ಕೊಟ್ಟಿತು. ಬೆಂಗಳೂರು–ಮೈಸೂರು ರೈಲು ಹಾದಿಗೂ ಬರದ ಕೂಲಿಗಳೇ ಮಣ್ಣು ಹೊತ್ತರು. ಮಳೆ ಬಂದ ಮೇಲೆ ಬದುಕುಳಿದ ದೊಡ್ಡವರು ಹೊಲಕ್ಕೆ ಮರಳಿದರು. ಅಪ್ಪ ಅಮ್ಮನನ್ನು ಕಳೆದುಕೊಂಡ ಮಗು ಎಲ್ಲಿಗೆ ಮರಳಬೇಕು? ಗಂಜಿ ಆ ಹೊತ್ತಿನ ಹಸಿವಿಗೆ ಆಯಿತು. ಮುಂದಿನ ಬದುಕಿಗೆ ನೆಲ ಬೇಕಿತ್ತು. ಆ ಮಕ್ಕಳಿಗೆಂದು ಪಾದ್ರಿಗಳು ಸಿಲುವೆಪುರವೆಂಬ ಬೇಸಾಯದ ಊರನ್ನೇ ಕಟ್ಟಿದರು.

ಈ ದಾರಿ ಅವರಿಗೆ ಹೊಸದಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ಬಂದ ಅದೇ ಮಿಷನ್ನಿನ ಪಾದ್ರಿ ಅಬ್ಬೆ ದುಬಾಯ್ ನೆಲೆ ತಪ್ಪಿದ ಕ್ರೈಸ್ತರನ್ನು ಹಾಸನದ ಬಳಿಯ ಸಾತಳ್ಳಿಯಲ್ಲಿ ಹೊಲ ಕೊಡಿಸಿ ನೆಲೆಗೊಳಿಸಿದ್ದರು.

ಸಿಲುವೆಪುರದ ಮಕ್ಕಳಿಗೆ ಅನ್ನದ ಜೊತೆಗೆ ಸ್ನಾನದೀಕ್ಷೆಯೂ ಬಂತು. ಹಸಿದ ಮಗುವಿನ ಒಪ್ಪಿಗೆಗೆ ಏನರ್ಥ ಎಂದು ಕೇಳುವುದು ನ್ಯಾಯವೇ, ಕೇಳಲೇಬೇಕು. ಆದರೂ ದಿಕ್ಕಿಲ್ಲದವರಿಗೆ ಉಳುವ ನೆಲ ತೋರಿಸಿದ್ದು ಗಂಜಿಗಿಂತ ದೊಡ್ಡ ಕೆಲಸ ಎಂದೇ ನನ್ನ ನಂಬಿಕೆ.

ಊರಿನ ಹತ್ತಿರವೇ, ಹೆಸರಘಟ್ಟದಲ್ಲಿ, 1894ರಲ್ಲಿ ಅರ್ಕಾವತಿಗೆ ಜಲಾಶಯ ಕಟ್ಟಿ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಹರಿಸಿದರು. ಆ ಕಥೆ ಪುಸ್ತಕಗಳಲ್ಲಿದೆ. ಬರದ ಮಕ್ಕಳ ಕಥೆ ಮನೆಯವರ ಮಾತಿನಲ್ಲಷ್ಟೇ ಉಳಿಯುವಂಥದ್ದು. ನಿಮ್ಮ ಮನೆಯಲ್ಲೂ ಧಾತು ಈಶ್ವರದ ಕಥೆ ಹೇಳುವ ಅಜ್ಜಿಯಿದ್ದರೆ, ಈ ವಾರವೇ ಕೂತು ಬರೆದುಕೊಳ್ಳಿ.