ನಂದಿಯ ತಪ್ಪಲಿನ ಕೆಂಪು ವೈನ್

ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ತೋಟ ಎಂದರೆ ಕಲ್ಲುಕಂಬ ನೆಟ್ಟು ಎಳೆದ ಚಪ್ಪರ, ಅದರಡಿ ತೂಗುವ ಬೆಂಗಳೂರು ಬ್ಲೂ. ಈ ತಳಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಆದರೆ ರಘುನಾಥಪುರದ ಗ್ರೋವರ್ ಜಂಪಾ ತೋಟದಲ್ಲಿ ಚಪ್ಪರವಿಲ್ಲ. ಕೆಮ್ಮಣ್ಣಿನ ಮೇಲೆ ಸಾಲುಸಾಲಾಗಿ ಬಿಗಿದ ತಂತಿ, ಆ ತಂತಿಗೆ ಒರಗಿ ನಿಂತ ಬಳ್ಳಿ, ಹಿಂದೆ ನಂದಿಬೆಟ್ಟದ ಬಂಡೆ. ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರ.

ಕನ್ವಲ್ ಗ್ರೋವರ್ ಎಂಬ ಉದ್ಯಮಿ ಫ್ರಾನ್ಸಿನಲ್ಲಿ ವೈನ್‌ನ ರುಚಿ ಹತ್ತಿಸಿಕೊಂಡು, ಅಲ್ಲಿನ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಫ್ರೆಂಚ್ ತಳಿಗಳನ್ನು ಇಲ್ಲಿ ಬೆಳೆಸಿ ನೋಡಿದರು. 1988ರಲ್ಲಿ ಸಂಸ್ಥೆ ಹುಟ್ಟಿತು. ತೊಂಬತ್ತರ ದಶಕದ ನಡುವೆ ಬೋರ್ಡೋದ ಹೆಸರಾಂತ ಸಲಹೆಗಾರ ಮಿಶೆಲ್ ರೊಲಾಂ ಜೊತೆಗೂಡಿದರು. ನಾಸಿಕ್‌ನ ಹೆಸರು ದೇಶವೆಲ್ಲ ಹರಡುವ ಮೊದಲೇ ನಮ್ಮ ಬಯಲುಸೀಮೆಯಲ್ಲಿ ಈ ಕೆಲಸ ನಡೆದಿತ್ತು ಎಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳಬೇಕು.

ಇಲ್ಲಿನ ಕೆಂಪು ವೈನ್ ಅರ್ಥವಾಗಬೇಕಾದರೆ ಪೀಪಾಯಿಗಳ ಕೋಣೆಗಿಂತ ಮೊದಲು ತೋಟ ನೋಡಬೇಕು. ಯುರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಆ ಚಳಿಯಿಲ್ಲ. ಬಿಟ್ಟರೆ ಬಳ್ಳಿ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಹಾಗಾಗಿ ಋತುವನ್ನು ಇಲ್ಲಿ ಕತ್ತರಿಯೇ ತೀರ್ಮಾನಿಸುತ್ತದೆ. ಕೊಯ್ಲು ಮುಗಿದ ಮೇಲೆ, ಏಪ್ರಿಲ್ ಹೊತ್ತಿಗೆ ಒಮ್ಮೆ ಸವರುತ್ತಾರೆ. ಮಳೆಗಾಲದಲ್ಲಿ ಬರೀ ಕಡ್ಡಿ ಬಲಿಯುತ್ತದೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಸವರಿದಾಗ ಬರುವ ಚಿಗುರಿನಲ್ಲೇ ಗೊಂಚಲು. ಅದು ಒಣ ಹವೆಯಲ್ಲಿ, ತಂಪು ರಾತ್ರಿಗಳಲ್ಲಿ ಮಾಗಬೇಕು. ಎರಡನೇ ಕತ್ತರಿ ಅವಸರದಲ್ಲಿ ಬಿದ್ದರೆ ಹಿಂಗಾರು ಮಳೆ ಹೂವನ್ನು ಕೆಡಿಸುತ್ತದೆ, ಬೂಜುರೋಗ ತರುತ್ತದೆ; ತಡವಾದರೆ ಬೇಸಿಗೆಯ ಬಿಸಿಲು ಹಣ್ಣಿನ ಹುಳಿಯನ್ನೇ ಹೀರಿಬಿಡುತ್ತದೆ. ಬೆಂಗಳೂರು ಬ್ಲೂ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ವೈನ್ ದ್ರಾಕ್ಷಿಯಿಂದ ಒಂದೇ ಬೆಳೆ, ಅದೂ ಮಿತವಾಗಿ. ಸುಮಾರು 3,000 ಅಡಿ ಎತ್ತರದ ಈ ನೆಲದ ರಾತ್ರಿಯ ತಂಪು ಆ ಹುಳಿಯನ್ನು ಕಾಪಾಡುತ್ತದೆ.

ವೈನ್ ದ್ರಾಕ್ಷಿ ತಿನ್ನುವ ದ್ರಾಕ್ಷಿಗಿಂತ ಚಿಕ್ಕದು, ಸಿಪ್ಪೆ ದಪ್ಪ. ಕೆಂಪು ವೈನ್‌ಗೆ ಬಣ್ಣವೂ ಒಗರೂ ಬರುವುದು ಆ ಸಿಪ್ಪೆಯಿಂದಲೇ. ರಸದ ಜೊತೆ ಸಿಪ್ಪೆಯೂ ದಿನಗಟ್ಟಲೆ ಹುದುಗಬೇಕು. ಇಲ್ಲಿಗೆ ಬಂದವರಿಗೆ ತೋಟ, ಉಕ್ಕಿನ ತೊಟ್ಟಿಗಳು, ಓಕ್ ಮರದ ಪೀಪಾಯಿಗಳನ್ನು ತೋರಿಸಿ ಕೊನೆಗೆ ರುಚಿ ನೋಡಲು ಕೂರಿಸುತ್ತಾರೆ. ಮೊದಲು ಬಿಳಿ, ಆಮೇಲೆ ಕೆಂಪು. ನನ್ನ ಮಟ್ಟಿಗೆ ಲೋಟ ಕೆಳಗಿಡಲು ಮನಸ್ಸಾಗದ್ದು ಲಾ ರಿಸರ್ವ್ ಸವಿಯುವಾಗ. ಕ್ಯಾಬರ್ನೆ ಸೋವಿನ್ಯೋನ್ ಮತ್ತು ಶಿರಾಜ್ ಬೆರೆಸಿ ಓಕ್‌ನಲ್ಲಿ ಹದಗೊಳಿಸಿದ ವೈನ್ ಇದು. ಶಿರಾಜ್‌ನಿಂದ ಕಾಳುಮೆಣಸಿನ ಖಾರದ ಸುಳಿವು, ಕ್ಯಾಬರ್ನೆಯಿಂದ ಬಿಗಿ. ನುಂಗಿದ ಮೇಲೆ ನೇರಳೆಹಣ್ಣು ತಿಂದಾಗಿನಂತೆ ಒಗರು ನಾಲಿಗೆಯ ಅಂಚು ಹಿಡಿಯುತ್ತದೆ. ಈ ಒಗರನ್ನು ದೋಷವೆಂದು ಪಕ್ಕಕ್ಕೆ ಸರಿಸುವವರನ್ನು ಕಂಡಿದ್ದೇನೆ. ಸಿಹಿ ಪೋರ್ಟ್ ವೈನ್‌ಗೆ ಒಗ್ಗಿದ ನಾಲಿಗೆಗೆ ಅದು ಸಹಜ. ಸ್ವಲ್ಪ ತಡೆದು, ಲೋಟದಲ್ಲಿ ಗಾಳಿಯಾಡಲು ಬಿಟ್ಟು ಮತ್ತೆ ಗುಟುಕರಿಸಿ, ಮೃದುವಾಗಿರುತ್ತದೆ. ಖಾರದ ಸಾರಿನ ಜೊತೆ ಮಾತ್ರ ಬೇಡ, ಮೆಣಸಿನಕಾಯಿ ಒಗರನ್ನು ಇನ್ನಷ್ಟು ಕೆರಳಿಸುತ್ತದೆ. ಹದವಾಗಿ ಹುರಿದ ಮಟನ್ ಸೊಗಸಾದ ಜೋಡಿ.

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲ ಭೂಮಿಯ ಬೆಲೆ ಗಗನಕ್ಕೇರಿದೆ. ತೋಟಗಳಿದ್ದಲ್ಲಿ ಲೇಔಟ್‌ಗಳ ಕಲ್ಲು ಎದ್ದಿವೆ. ಬಳ್ಳಿಯ ಬುಡಕ್ಕೆ ಹನಿ ನೀರು ಕೊಡುವುದಕ್ಕೂ ಕೊಳವೆಬಾವಿ ಆಳಕ್ಕಿಳಿಯಬೇಕು. ಇಷ್ಟರ ನಡುವೆಯೂ ಒಂದು ತೋಟ ಮೂರು ದಶಕ ದಾಟಿ ಉಳಿದಿರುವುದು ದೊಡ್ಡ ಮಾತು.

ಹೋಗುವುದಾದರೆ ಫೆಬ್ರುವರಿ-ಮಾರ್ಚ್‌ನಲ್ಲಿ ಹೋಗಿ, ಬಳ್ಳಿಯ ಮೇಲೆ ಹಣ್ಣಿರುತ್ತದೆ. ಮುಂಚಿತವಾಗಿ ಸಮಯ ಕಾಯ್ದಿರಿಸಿ, ವಾಪಸು ಗಾಡಿ ಓಡಿಸಲು ವೈನ್ ಮುಟ್ಟದ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ. ತಪ್ಪಲಿನ ಭೋಗನಂದೀಶ್ವರ ದೇವಸ್ಥಾನವನ್ನು ಬೆಳಿಗ್ಗೆಯೇ ನೋಡಿ ಮುಗಿಸಿದರೆ ಮಧ್ಯಾಹ್ನವೆಲ್ಲ ತೋಟಕ್ಕೆ ಸಿಗುತ್ತದೆ.